‘ನ್’ ಹಾಕಲೇಬೇಕಾ? ಎಸ್ಪೆರಾಂತೊ ವ್ಯಾಕರಣದಲ್ಲಿ ಬಗ್ಗುವುದು ಯಾವುದು, ಮುರಿಯುವುದು ಯಾವುದು

ಕದ್ರಿಗುಡ್ಡೆ:
ಬೇರೆ ಬೇರೆ ದೇಶದವರು ತಮ್ಮೊಳಗೆ ಮಾತಾಡಲಿಕ್ಕೆ ಅಂತ ಕಟ್ಟಿದ ಭಾಷೆ ಎಸ್ಪೆರಾಂತೊ. ಅದನ್ನು ಕಲಿಯುವ ಮಂಗಳೂರಿನ ನಮ್ಮ ಸಣ್ಣ ಗುಂಪಿನಲ್ಲಿ ಎರಡು ಪಕ್ಷ ಆಗಿದೆ. ಒಂದು ಪಕ್ಷದವರು, “ಇರುವುದೇ 16 ನಿಯಮ, ಅಪವಾದ ಇಲ್ಲ, ಅಷ್ಟನ್ನೂ ಪಾಲಿಸಲಿಕ್ಕೆ ಆಗದಿದ್ದರೆ ಎಂಥ ಕಲಿಯುವುದು?” ಅಂತಾರೆ. ಇನ್ನೊಂದು ಪಕ್ಷ, “ಅರ್ಥ ಆದರೆ ಸಾಕು ಮಾರಾಯ್ರೆ, ಕಟ್ಟಿದ ಭಾಷೆಗೆ ಇಷ್ಟು ಮಡಿ ಯಾಕೆ?” ಅಂತ. ಗೊತ್ತಿದ್ದವರು ಮೂರು ವಿಷಯ ಬಿಡಿಸಿ ಹೇಳಿ.

ಒಂದು, ಕರ್ಮಪದಕ್ಕೆ ಬರುವ ‘ನ್’. “ಮಿ ಲೆಗಾಸ್ ಲಿಬ್ರೊನ್” (ನಾನು ಪುಸ್ತಕ ಓದ್ತೇನೆ) ಅನ್ನುವ ಕಡೆ “ಮಿ ಲೆಗಾಸ್ ಲಿಬ್ರೊ” ಅಂದರೆ ತಪ್ಪಾ, ಸಲಿಗೆಯಾ? ಎರಡು, ಕ್ರಿಯಾಪದವನ್ನು ಕನ್ನಡದ ಹಾಗೆ ಕೊನೆಗೆ ಇಡಬಹುದಾ? ಮೂರು, ಟೋಪಿ ಇರುವ (ತಲೆಯ ಮೇಲೆ ಗುರುತು ಇರುವ) ರೋಮನ್ ಅಕ್ಷರಗಳು ಕೀಲಿಮಣೆಯಲ್ಲಿ ಸಿಗದಿದ್ದರೆ ಏನು ಬರೆಯಬೇಕು?

(ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುವ. ‘ತ್ಸ’ ಒಂದೇ ಅಕ್ಷರ, ‘ಜ’ ಟೋಪಿ ಇರುವ ಅಕ್ಷರ, ‘ಜ಼’ ಬೇರೆ.)

ಎಂಡ್‌ಪಾಯಿಂಟ್:
ಮೊದಲು ‘16 ನಿಯಮ’ದ ಭ್ರಮೆ ಬಿಡಿ. ಎಸ್ಪೆರಾಂತೊ ಕಟ್ಟಿದ ಝಾಮೆನ್‌ಹೋಫ್ 1887ರಲ್ಲಿ ವಾರ್ಸಾದಲ್ಲಿ ಭಾಷೆಯನ್ನು ಪ್ರಕಟಿಸಿದಾಗ 16 ನಿಯಮ ಕೊಟ್ಟದ್ದು ಹೌದು. ಆದರೆ 1905ರಲ್ಲಿ ಫ್ರಾನ್ಸಿನ ಬುಲೋನ್-ಸುರ್-ಮೇರ್‌ನ ಮೊದಲ ವಿಶ್ವ ಸಮ್ಮೇಳನದಲ್ಲಿ ಯಾರೂ ಮುಟ್ಟಬಾರದ ಅಡಿಪಾಯ ಅಂತ ಒಪ್ಪಿದ ‘ಫುಂದಾಮೆಂತೊ’ದಲ್ಲಿ ವ್ಯಾಕರಣ ಒಂದು ಭಾಗ ಮಾತ್ರ. ಅದರ ಜೊತೆಗೆ ಅಭ್ಯಾಸಪಾಠಗಳೂ ಶಬ್ದಕೋಶವೂ ಸೇರಿವೆ. 16 ನಿಯಮಗಳಲ್ಲಿ ಬಾಯಿಬಿಟ್ಟು ಹೇಳದ ಎಷ್ಟೋ ಸಂಗತಿ ಅಭ್ಯಾಸಪಾಠದ ವಾಕ್ಯಗಳಲ್ಲಿ ಕೂತಿದೆ. ನಿಯಮಪಟ್ಟಿಯನ್ನು ಮಾತ್ರ ಬಾಯಿಪಾಠ ಮಾಡಿದವರು ಎಡವುವುದೇ ಇಲ್ಲಿ.

ಹಾಗಾಗಿ ಮೂರು ಪದರ ಉಂಟು. ಅಡಿಯಲ್ಲಿ ಫುಂದಾಮೆಂತೊ, ಅದು ಬಗ್ಗುವುದಿಲ್ಲ. ಮೇಲೆ ಅಕಾದೆಮಿಯೊ (ಭಾಷೆಯನ್ನು ನೋಡಿಕೊಳ್ಳುವ ಸಂಸ್ಥೆ) ಕಾಲಕಾಲಕ್ಕೆ ಕೊಡುವ ತೀರ್ಪು ಮತ್ತು ಸೇರ್ಪಡೆ. ಅದಕ್ಕೂ ಮೇಲೆ ಬರೀ ರೂಢಿ. ನಿಮ್ಮ ಗುಂಪಿನ ಜಗಳದಲ್ಲಿ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ದೀರಿ ಅಂತ ಕಾಣ್ತದೆ.

‘ನ್’ ಅಡಿಯ ಪದರದ್ದು, ಎರಡನೇ ನಿಯಮದಲ್ಲೇ ಉಂಟು. ಬಿಟ್ಟರೆ ತಪ್ಪು. ಆದರೆ ಕನ್ನಡದವರು ಅದನ್ನು ಎಲ್ಲಿ ಬಿಡ್ತಾರೆ ಅಂತ ನೋಡಿ, ಕಾರಣ ಅಲ್ಲೇ ಸಿಗ್ತದೆ. “ನಾನು ಪುಸ್ತಕ ಓದಿದೆ” ಅಂತೇವೆ, ‘ಪುಸ್ತಕವನ್ನು’ ಅಂತ ಮಾತಿನಲ್ಲಿ ಹೆಚ್ಚಾಗಿ ಹೇಳುವುದಿಲ್ಲ. ಆದರೆ “ನಾನು ಹುಡುಗ ನೋಡಿದೆ” ಅಂತ ಹೇಳ್ತೇವಾ? ಇಲ್ಲ, ‘ಹುಡುಗನನ್ನು’ ಬೇಕೇ ಬೇಕು. ಜೀವ ಇಲ್ಲದ ವಸ್ತುವಿಗೆ ದ್ವಿತೀಯಾ ವಿಭಕ್ತಿ ಬಿಡುವುದು ಕನ್ನಡದ ರೂಢಿ. ನಿಮ್ಮವರ ಬರಹದಲ್ಲಿ ‘ನ್’ ಬಿಟ್ಟ ಜಾಗಗಳಿಗೆ ಗೆರೆ ಹಾಕಿ ನೋಡಿ. ಹೆಚ್ಚಿನವು ಪುಸ್ತಕ, ಚಹಾ, ಊಟ, ಬಸ್ಸು. ನಾಯಿ, ಹುಡುಗಿ, ಅಧ್ಯಾಪಕ ಬಂದಲ್ಲಿ ‘ನ್’ ತಾನಾಗಿ ಬಂದಿರ್ತದೆ. ಅಂದರೆ ಎಸ್ಪೆರಾಂತೊವನ್ನು ಬಗ್ಗಿಸಿದ್ದಲ್ಲ ಅದು, ಕನ್ನಡವನ್ನು ಅಚ್ಚುಕಟ್ಟಾಗಿ ಪಾಲಿಸಿದ್ದು.

ಪಣಂಬೂರು ಗಾಳಿ:
ತುಳು ಮನೆಮಾತಿನವರಿಗೆ ಒಂದು ಸುಲಭದ ಹಿಡಿ. ತುಳುವಿನ ದ್ವಿತೀಯೆಯಲ್ಲೂ ‘ನ’ಕಾರವೇ: ಪುಸ್ತಕೊ, ಪುಸ್ತಕೊನು. ಎಸ್ಪೆರಾಂತೊದಲ್ಲಿ ಲಿಬ್ರೊ, ಲಿಬ್ರೊನ್. ಸಂಬಂಧ ಏನೂ ಇಲ್ಲ, ಬರೀ ಕಾಕತಾಳೀಯ. ಆದರೆ ನೆನಪಿಗೆ ಒಳ್ಳೆಯದು. ಅಪಾಯ ಇರುವುದು ತುಳುವಿನಲ್ಲೂ “ನೀರ್ ಪರ್ಪೆ” ಅಂತ ಬಿಟ್ಟು ಹೇಳುವುದರಿಂದ. “ಮಿ ತ್ರಿಂಕಾಸ್ ಆಕ್ವೊ” ಅಂತ ಬರುವುದು ಅಲ್ಲಿಂದಲೇ. ಸರಿ ರೂಪ “ಆಕ್ವೊನ್”.

ಬೆಂದೂರ್‌ವೆಲ್:
ಕೊಂಕಣಿಯವರಿಗೆ ಇನ್ನೊಂದು ಲಾಭ. ಎಸ್ಪೆರಾಂತೊದಲ್ಲಿ ಗುಣವಾಚಕವೂ ನಾಮಪದದ ಜೊತೆ ಬದಲಾಗಬೇಕು: ಗ್ರಾಂದಾ ದೊಮೊ (ದೊಡ್ಡ ಮನೆ), ಗ್ರಾಂದಾಯ್ ದೊಮೊಯ್ (ದೊಡ್ಡ ಮನೆಗಳು), ಗ್ರಾಂದಾಯ್ನ್ ದೊಮೊಯ್ನ್ (ದೊಡ್ಡ ಮನೆಗಳನ್ನು). ಕನ್ನಡದವರು ‘ದೊಡ್ಡ ಮನೆಗಳನ್ನು’ ಅನ್ನುವಾಗ ‘ದೊಡ್ಡ’ ಅಲುಗುವುದೇ ಇಲ್ಲವಲ್ಲ, ಹಾಗಾಗಿ “ಗ್ರಾಂದಾ ದೊಮೊಯ್ನ್” ಅಂತ ಬರೆದುಬಿಡ್ತಾರೆ. ಕೊಂಕಣಿಯಲ್ಲಿ ಬರೊ, ಬರಿ, ಬರೆಂ ಅಂತ ಲಿಂಗಕ್ಕೆ ಸರಿಯಾಗಿ ಹೊರಳುವ ಅಭ್ಯಾಸ ಇರುವುದರಿಂದ ಈ ಹೊಂದಾಣಿಕೆ ವಿಚಿತ್ರ ಅನಿಸುವುದಿಲ್ಲ. ಎಸ್ಪೆರಾಂತೊದಲ್ಲಿ ಲಿಂಗಕ್ಕೆ ಹೊರಳಬೇಕಾಗಿಲ್ಲ, ವಚನ ಮತ್ತು ‘ನ್’ ಎರಡೇ.

ಮಲ್ಪೆ ದಕ್ಕೆ:
ಒಂದು ತಕರಾರು. ಜಗತ್ತಿನ ಬೇರೆ ಕಡೆಯ ಎಸ್ಪೆರಾಂತೊದವರೂ ಮಾತಿನ ಭರದಲ್ಲಿ ‘ನ್’ ಬಿಡ್ತಾರೆ, ಯಾರಿಗೂ ಅರ್ಥ ಆಗದೆ ಇರುವುದಿಲ್ಲ. ಕರ್ತೃ, ಕ್ರಿಯೆ, ಕರ್ಮ ಅಂತ ಸಾಲಾಗಿ ಬಂದರೆ ಯಾರು ಯಾರನ್ನು ಅಂತ ಸ್ಥಾನವೇ ಹೇಳ್ತದಲ್ಲ. ಹೊಸಬರನ್ನು ಪ್ರತಿ ವಾಕ್ಯಕ್ಕೂ ತಡೆದು ತಿದ್ದಿದರೆ ಮೂರನೇ ವಾರಕ್ಕೆ ಗುಂಪಿಗೆ ಬರುವುದೇ ಇಲ್ಲ.

ಎಂಡ್‌ಪಾಯಿಂಟ್:
ಸ್ಥಾನದಿಂದ ಅರ್ಥ ಆಗ್ತದೆ ಅನ್ನುವುದು ಸ್ಥಾನ ಕೆಡದಿದ್ದರೆ ಮಾತ್ರ. ನಮ್ಮವರ ಕೈಯಲ್ಲಿ ಸ್ಥಾನ ಮೊದಲೇ ಕೆಟ್ಟಿರ್ತದೆ, ಯಾಕೆಂದರೆ ಕ್ರಿಯಾಪದ ಕೊನೆಗೆ ಹೋಗ್ತದೆ. “ಲಾ ಹುಂದೊ ಲಾ ಕಾತೊ ಮೊರ್ದಿಸ್.” ಕಚ್ಚಿದ್ದು ನಾಯಿಯಾ, ಬೆಕ್ಕಾ? ಓದುವವನು ಬ್ರೆಜಿಲಿನವನಾದರೂ ಜಪಾನಿನವನಾದರೂ ಊಹೆ ಮಾಡಬೇಕಾಗ್ತದೆ. “ಲಾ ಹುಂದೊ ಲಾ ಕಾತೊನ್ ಮೊರ್ದಿಸ್” ಅಂದರೆ ಸಂಶಯವೇ ಇಲ್ಲ. “ಲಾ ಕಾತೊನ್ ಮೊರ್ದಿಸ್ ಲಾ ಹುಂದೊ” ಅಂದರೂ ಕಚ್ಚಿದ್ದು ನಾಯಿಯೇ, ಬೆಕ್ಕಿನ ಮೇಲೆ ಒತ್ತು ಬಿತ್ತು ಅಷ್ಟೆ.

ಕದ್ರಿಗುಡ್ಡೆಯವರ ಎರಡನೇ ಪ್ರಶ್ನೆಗೂ ಇದೇ ಉತ್ತರ. ಕ್ರಿಯಾಪದ ಕೊನೆಗೆ ಇಡುವುದು ಪೂರ್ತಿ ಸರಿ. ಅದರ ಬಾಡಿಗೆಯೇ ‘ನ್’. ಎರಡನ್ನೂ ಒಟ್ಟಿಗೆ ಬಿಟ್ಟರೆ ವಾಕ್ಯ ನಿಲ್ಲುವುದಿಲ್ಲ.

ಇನ್ನು, ಸ್ಥಾನ ಸರಿ ಇದ್ದೂ ‘ನ್’ ಬೇಕಾಗುವ ಜಾಗ ಉಂಟು. “ಮಿ ಆಮಾಸ್ ವಿನ್ ಪ್ಲಿ ಓಲ್ ಲಿ” ಅಂದರೆ ಅವನು ನಿನ್ನನ್ನು ಪ್ರೀತಿಸುವುದಕ್ಕಿಂತ ನಾನು ಹೆಚ್ಚು ಪ್ರೀತಿಸ್ತೇನೆ. “ಪ್ಲಿ ಓಲ್ ಲಿನ್” ಅಂದರೆ ಅವನನ್ನು ಪ್ರೀತಿಸುವುದಕ್ಕಿಂತ ನಿನ್ನನ್ನು ಹೆಚ್ಚು ಪ್ರೀತಿಸ್ತೇನೆ. ಕನ್ನಡದ ‘ಅವನಿಗಿಂತ’ ಎರಡಕ್ಕೂ ಒಂದೇ. ಒಂದು ‘ನ್’ನಿಂದ ಸಂಸಾರ ಉಳಿಯಬಹುದು.

ಮಲ್ಪೆ ದಕ್ಕೆ:
ಬೆಕ್ಕು ನಾಯಿ ಒಪ್ಪಿದೆ. ಹೊಸಬರನ್ನು ತಡೆಯುವ ವಿಷಯ ಒಪ್ಪಿಲ್ಲ. ಮಾತಾಡುವಾಗ ತಿದ್ದಬಾರದು, ಬರೆದದ್ದನ್ನು ತಿದ್ದಬೇಕು. ವಾರಕ್ಕೆ ಒಂದೇ ಜಾತಿಯ ತಪ್ಪು. ಈ ವಾರ ‘ನ್’ ಅಂದರೆ ‘ನ್’ ಮಾತ್ರ, ಬಹುವಚನ ಕೆಟ್ಟಿದ್ದರೂ ಕಣ್ಣುಮುಚ್ಚಿ.

ಎಂಡ್‌ಪಾಯಿಂಟ್:
ಅದು ಸರಿ.

ಹ್ವಾಯ್ ಕುಂದಾಪ್ರ:
ಒಂದ್ ಕೇಂತೆ, ಹಾಂಗಾರೆ ‘ನ್’ ಬಗ್ಗೆ ಝಾಮೆನ್‌ಹೋಫ್‌ಗೇ ಸಂಶಯ ಇದ್ದಿಲ್ಯಾ? ಅದ್ನ ತೆಗಿತ್ತೆ ಅಂದಿದ್ರ್ ಅಂಬ್ರ್, ಅಲ್ದಾ?

ಪಣಂಬೂರು ಗಾಳಿ:
ಹೌದು. 1894ರಲ್ಲಿ ಅವರೇ ಒಂದು ಸುಧಾರಣಾ ಕರಡು ಮುಂದಿಟ್ಟರು. ಟೋಪಿ ಅಕ್ಷರಗಳು, ಗುಣವಾಚಕದ ಹೊಂದಾಣಿಕೆ, ಕರ್ಮದ ‘ನ್’ ಇವೆಲ್ಲ ಹೋಗಬೇಕು ಅಂತ. ‘ಲಾ ಎಸ್ಪೆರಾಂತಿಸ್ತೊ’ ಪತ್ರಿಕೆಯ ಚಂದಾದಾರರು ಮತ ಹಾಕಿ ಬಹುಮತದಿಂದ ಬೇಡ ಅಂದರು. (ಅದೇ 1894ರಲ್ಲೇ ಇಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಕಿಟೆಲ್ಲರ ಕನ್ನಡ ನಿಘಂಟನ್ನು ಹೊರತಂದದ್ದು. ಅಲ್ಲಿ ಒಂದು ಭಾಷೆಯನ್ನು ಕಟ್ಟಿದವನೇ ಬಿಚ್ಚಲಿಕ್ಕೆ ನೋಡುವಾಗ ಇಲ್ಲಿ ಇದ್ದ ಭಾಷೆಯ ಶಬ್ದಗಳನ್ನು ಒಂದೊಂದಾಗಿ ಕೂಡಿಸಿ ಮುಗಿಸಿದ್ದರು.)

ಆಮೇಲೆ 1907ರ ಹೊತ್ತಿಗೆ ಬೇರೆಯಾಗಿ ಹುಟ್ಟಿದ ಭಾಷೆ ‘ಇದೊ’. ಕನ್ನಡದ ‘ಇದೋ’ ಅಲ್ಲ, ಹೆಸರೇ ಹಾಗೆ. ಅದರಲ್ಲಿ ಗುಣವಾಚಕ ಬದಲಾಗುವುದಿಲ್ಲ, ಕರ್ಮ ಕರ್ತೃವಿಗಿಂತ ಮೊದಲು ಬಂದರೆ ಮಾತ್ರ ‘ನ್’. ನಿಮಗೆ ಬೇಕಾದ ಸಲಿಗೆ ಅಲ್ಲಿ ನಿಯಮವಾಗಿಯೇ ಉಂಟು. ಆದರೆ ಎಸ್ಪೆರಾಂತೊ ಅಂತ ಹೆಸರು ಹೇಳಿಕೊಂಡು ಇದೊ ವ್ಯಾಕರಣ ಬರೆದರೆ ಅದು ಎರಡೂ ಅಲ್ಲ.

ಕದ್ರಿಗುಡ್ಡೆ:
ಅಪವಾದವೇ ಇಲ್ಲದ ಭಾಷೆಯಲ್ಲಿ ಬಗ್ಗಿಸಲಿಕ್ಕೆ ಜಾಗ ಎಲ್ಲಿ ಉಳಿಯಿತು ಹಾಗಾದರೆ?

ಎಂಡ್‌ಪಾಯಿಂಟ್:
ಬೇಕಾದಷ್ಟು ಉಂಟು. ತಾಳಮದ್ದಳೆ ಕೇಳಿದವರಿಗೆ ಹೇಳಬೇಕಾಗಿಲ್ಲ: ಪದ್ಯ ಅಲುಗುವುದಿಲ್ಲ, ಅರ್ಥ ಹೇಳುವವನಿಗೆ ರಾತ್ರಿಯಿಡೀ ಜಾಗ ಉಂಟು.

14ನೇ ನಿಯಮ ನೋಡಿ. ಯಾವ ಪೂರ್ವಪ್ರತ್ಯಯ (ನಾಮಪದದ ಮೊದಲು ಬರುವ ‘ಆಲ್’ನಂಥ ಬಿಡಿ ಶಬ್ದ) ಬಳಸಬೇಕು ಅಂತ ಅರ್ಥದಿಂದ ಸ್ಪಷ್ಟ ಆಗದಿದ್ದರೆ ‘ಯೆ’ ಬಳಸಿ, ಅಥವಾ ಪೂರ್ವಪ್ರತ್ಯಯವನ್ನೇ ಬಿಟ್ಟು ‘ನ್’ ಹಾಕಿ ಅಂತ ನಿಯಮವೇ ಹೇಳ್ತದೆ. ಶಾಲೆಯಲ್ಲಿ ಓದಿದ ವಿಭಕ್ತಿ ಪಲ್ಲಟ ನೆನಪುಂಟಾ? ‘ಊರನ್ನು ಸೇರಿದನು’ ಅನ್ನುವ ಕಡೆ ‘ಊರಿಗೆ ಸೇರಿದನು’, ‘ಬೆಟ್ಟವನ್ನು ಹತ್ತಿದನು’ ಅನ್ನುವ ಕಡೆ ‘ಬೆಟ್ಟಕ್ಕೆ ಹತ್ತಿದನು’. ಅಂಥದ್ದೇ ಇದು. ‘ಮಿ ಇರೊಸ್ ಆಲ್ ಮಾಂಗಾಲುರೊ’ ಅನ್ನಬಹುದು, ‘ಮಿ ಇರೊಸ್ ಮಾಂಗಾಲುರೊನ್’ ಅಂತಲೂ ಅನ್ನಬಹುದು. ಆದರೆ ‘ಆಲ್ ಮಾಂಗಾಲುರೊನ್’ ಅಂದರೆ ತಪ್ಪು, ಒಂದೇ ಕೆಲಸಕ್ಕೆ ಎರಡು ಆಳು ಇಟ್ಟ ಹಾಗೆ.

ಇನ್ನೊಂದು, ಗುಣವಾಚಕವನ್ನು ನೇರ ಕ್ರಿಯಾಪದ ಮಾಡುವುದು. “ಲಾ ಚಿಎಲೊ ಎಸ್ತಾಸ್ ಬ್ಲುಆ” ಬದಲು “ಲಾ ಚಿಎಲೊ ಬ್ಲುಆಸ್”. ವ್ಯಾಕರಣಕ್ಕೆ ವಿರೋಧ ಇಲ್ಲ. ಆದರೆ ಅರ್ಥದ ಛಾಯೆ ಬೇರೆ: ಆಕಾಶ ನೀಲಿಯಾಗಿ ಹೊಳೀತಾ ಉಂಟು ಅನ್ನುವ ಹಾಗೆ. ಪ್ರತಿ ವಾಕ್ಯಕ್ಕೂ ಹೀಗೆ ಮಾಡಿದರೆ ಊಟದಲ್ಲಿ ಬರೀ ಉಪ್ಪಿನಕಾಯಿ ಬಡಿಸಿದ ಹಾಗೆ ಆಗ್ತದೆ. ಇಲ್ಲಿ ಒಂದು ಎಚ್ಚರ: ಕನ್ನಡದಲ್ಲಿ ‘ಇದು ಪುಸ್ತಕ’ ಅಂದರೆ ವಾಕ್ಯ ಮುಗೀತು, ಎಸ್ಪೆರಾಂತೊದಲ್ಲಿ “ಜಿ ಲಿಬ್ರೊ” ಅಂದರೆ ವಾಕ್ಯವೇ ಅಲ್ಲ. “ಜಿ ಎಸ್ತಾಸ್ ಲಿಬ್ರೊ”. ಮತ್ತೆ ‘ಎಸ್ತಾಸ್’ ಬಂದ ಮೇಲೆ ‘ನ್’ ಇಲ್ಲ. ‘ನ್’ ಮರೆಯಬಾರದು ಅಂತ ಹೆದರಿದವರು “ಎಸ್ತಾಸ್ ಲಿಬ್ರೊನ್” ಅಂತ ಬರೀತಾರೆ, ಅದು ಇನ್ನೊಂದು ತುದಿಯ ತಪ್ಪು.

ಬೆಂದೂರ್‌ವೆಲ್:
ಪದ ಕಟ್ಟುವುದರಲ್ಲೂ ಸ್ವಾತಂತ್ರ್ಯ ದೊಡ್ಡದು. ಆಸ್ಪತ್ರೆಗೆ ಮಾಲ್-ಸಾನ್-ಉಲ್-ಎಯ್-ಒ: ಆರೋಗ್ಯದ ವಿರುದ್ಧ, ಅಂಥ ವ್ಯಕ್ತಿ, ಅಂಥವರ ಜಾಗ. ‘ಹೊಸ್ಪಿತಾಲೊ’ ಅಂತಲೂ ಉಂಟು. ಯಾವುದನ್ನು ಬಳಸಿದರೂ ಸರಿ. ಮಂಗಳೂರಿನವರಿಗೆ ಎರಡೂ ಶಬ್ದ ಬೇಕಾದೀತು, ಅಷ್ಟು ಆಸ್ಪತ್ರೆಗಳಿವೆ.

ಆದರೆ ಕಟ್ಟುವಾಗ ಧಾತುವಿನ ಗುಣ ತಿಳಿದಿರಬೇಕು, ಇದನ್ನು ನಿಯಮಪಟ್ಟಿ ಹೇಳುವುದಿಲ್ಲ. ‘ಬ್ರೊಸೊ’ ಅಂದರೆ ಬ್ರಷ್ಷು, ‘ಬ್ರೊಸಿ’ ಅಂದರೆ ಬ್ರಷ್ಷಿನಿಂದ ಉಜ್ಜುವುದು. ಇದನ್ನು ನೋಡಿ ‘ಕೊಂಬಿ’ (ತಲೆ ಬಾಚು) ಇದ್ದರೆ ‘ಕೊಂಬೊ’ ಅಂದರೆ ಬಾಚಣಿಗೆ ಅಂದುಕೊಳ್ತಾರೆ. ಅಲ್ಲ. ‘ಕೊಂಬೊ’ ಅಂದರೆ ಬಾಚುವ ಕೆಲಸ, ಬಾಚಣಿಗೆಗೆ ‘ಕೊಂಬಿಲೊ’. ಬ್ರೊಸ್ ವಸ್ತುವಾಗಿ ಹುಟ್ಟಿದ ಧಾತು, ಕೊಂಬ್ ಕ್ರಿಯೆಯಾಗಿ ಹುಟ್ಟಿದ ಧಾತು. ಕನ್ನಡದಲ್ಲಿ ‘ಬಾಚು’ ಮೊದಲು, ಅದರಿಂದ ‘ಬಾಚಣಿಗೆ’. ಹಾಗೆಯೇ ಇಟ್ಟುಕೊಂಡರೆ ಮರೆಯುವುದಿಲ್ಲ.

ಹ್ವಾಯ್ ಕುಂದಾಪ್ರ:
ಕನ್ನಡದ ‘ಇಸು’ವಿಗೆ ಎಸ್ಪೆರಾಂತೊದ ‘ಇಗ್’ ಅಂತ ಹೇಳಿಕೊಡ್ತಾರಲ್ಲ, ಅದು ಎಲ್ಲಾ ಕಡೆ ನಡೀತದಾ?

ಎಂಡ್‌ಪಾಯಿಂಟ್:
ಅರ್ಧ ದಾರಿ ನಡೀತದೆ, ಆಮೇಲೆ ಹೊಂಡ. ಕುದಿ, ಕುದಿಸು: ‘ಬೊಲಿ’, ‘ಬೊಲಿಗಿ’. ಇಲ್ಲಿ ಸರಿ ಹೋಯಿತು, ಯಾಕೆಂದರೆ ‘ಬೊಲಿ’ ಅಕರ್ಮಕ. ಮುಗಿ, ಮುಗಿಸು ಅನ್ನುವಾಗ ಉಲ್ಟಾ. ‘ಫಿನಿ’ ಹುಟ್ಟಿನಿಂದಲೇ ಸಕರ್ಮಕ, ಅಂದರೆ ಅದಕ್ಕೇ ‘ಮುಗಿಸು’ ಅನ್ನುವ ಅರ್ಥ ಉಂಟು. “ಸಿನೆಮಾ ಮುಗಿಯಿತು” ಅನ್ನಲಿಕ್ಕೆ “ಲಾ ಫಿಲ್ಮೊ ಫಿನಿಸ್” ಅಂದರೆ ಸಿನೆಮಾ ಏನನ್ನೋ ಮುಗಿಸಿತು ಅಂತಾಗ್ತದೆ. ಅಕರ್ಮಕ ಮಾಡುವ ‘ಇಜ್’ ಸೇರಿಸಿ “ಲಾ ಫಿಲ್ಮೊ ಫಿನಿಜಿಸ್” ಅನ್ನಬೇಕು. ‘ಕೊಮೆಂತ್ಸಿ’ (ಶುರುಮಾಡು), ‘ಶಾಂಜಿ’ (ಬದಲಾಯಿಸು) ಇವೂ ಹಾಗೆಯೇ. ಆದ್ದರಿಂದ ಶಬ್ದಕೋಶದಲ್ಲಿ ಕ್ರಿಯಾಪದ ಕಲಿಯುವಾಗ ಒಂಟಿ ಶಬ್ದ ಬರೆದುಕೊಳ್ಳಬೇಡಿ, ಒಂದು ಕರ್ಮ ಸೇರಿಸಿ ಬರೆದುಕೊಳ್ಳಿ: “ಫಿನಿ ಲಾಬೊರೊನ್”, ಕೆಲಸ ಮುಗಿಸು. ಕರ್ಮ ಕೂರದಿದ್ದರೆ ಅದು ಅಕರ್ಮಕ ಅಂತ ಗುರುತು ಹಾಕಿ.

ಮಲ್ಪೆ ದಕ್ಕೆ:
ಹೀಗೆ ಕನ್ನಡ ನುಸುಳುವ ಜಾಗಗಳನ್ನು ಇನ್ನೂ ಹಾಕಿ. ಗುಂಪಿನಲ್ಲಿ ಹೇಳಿಕೊಡುವವರಿಗೆ ಬೇಕಾದ್ದು ಅದೇ.

ಪಣಂಬೂರು ಗಾಳಿ:
ಮರ್ಯಾದೆಯ ಬಹುವಚನ. “ಅಧ್ಯಾಪಕರು ಬಂದರು, ಅವರು ಒಳ್ಳೆಯವರು” ಅಂತ ಮನಸ್ಸಿನಲ್ಲಿ ಇಟ್ಟುಕೊಂಡು “ಇಲಿ ಎಸ್ತಾಸ್ ಬೊನಾಯ್” ಅಂದರೆ ಅಧ್ಯಾಪಕರು ಇಬ್ಬರೋ ನಾಲ್ವರೋ ಆಗಿಬಿಟ್ಟರು. ಒಬ್ಬರೇ ಆದರೆ ‘ಲಿ’ (ಅವನು) ಅಥವಾ ‘ಶಿ’ (ಅವಳು), ಗುಣವಾಚಕ ‘ಬೊನಾ’. ಮರ್ಯಾದೆ ಕಡಿಮೆ ಆಯಿತು ಅಂತ ಅನಿಸುವುದು ಸಹಜ, ಆದರೆ ಏನೂ ಮಾಡುವ ಹಾಗಿಲ್ಲ. ನೀನು, ನೀವು ಎರಡಕ್ಕೂ ‘ವಿ’ ಒಂದೇ. ‘ತ್ಸಿ’ ಅಂತ ಏಕವಚನದ ಸರ್ವನಾಮ ಫುಂದಾಮೆಂತೊದಲ್ಲೇ ಇದೆ, ಆದರೆ ಸಾಮಾನ್ಯವಾಗಿ ಅದರ ಬದಲು ‘ವಿ’ ಬಳಸ್ತಾರೆ ಅಂತ ಅಲ್ಲೇ ಹೇಳಿಯೂ ಇದೆ. ‘ತ್ಸಿ’ ಬಳಸಿದರೆ ನಿಯಮಕ್ಕೆ ವಿರೋಧ ಅಲ್ಲ, ರೂಢಿಗೆ ವಿರೋಧ.

ತುಳುವಿನವರು ‘ನಮ’ ಮತ್ತು ‘ಎಂಕುಳು’ ವ್ಯತ್ಯಾಸ ಹುಡುಕ್ತಾರೆ. ಎಸ್ಪೆರಾಂತೊದಲ್ಲಿ ‘ನಿ’ ಒಂದೇ. ಹೊಸ ಸರ್ವನಾಮ ಸೃಷ್ಟಿ ಮಾಡಲಿಕ್ಕೆ ಹೋಗಬೇಡಿ, “ನಿ ಸೆನ್ ವಿ” (ನಿಮ್ಮನ್ನು ಬಿಟ್ಟು ನಾವು) ಅಂತ ಬಿಡಿಸಿ ಹೇಳಿ.

ಎಂಡ್‌ಪಾಯಿಂಟ್:
‘ತನ್ನ’ ಸಂಗತಿ ದೊಡ್ಡದು. ಇಂಗ್ಲಿಷಿನ ಮೂಲಕ ಕಲಿಯುವವರು ವರ್ಷಗಟ್ಟಲೆ ಒದ್ದಾಡುವ ‘ಸಿಆ’ ನಮಗೆ ಮನೆಯ ಮಾತು: ತನ್ನ ಹೆಂಡತಿ ‘ಸಿಆ ಎದ್ಜ಼ಿನೊ’, ಅವನ (ಬೇರೆಯವನ) ಹೆಂಡತಿ ‘ಲಿಆ ಎದ್ಜ಼ಿನೊ’. ಆದರೆ ಮೂರು ಕಡೆ ಕನ್ನಡವೇ ದಾರಿ ತಪ್ಪಿಸ್ತದೆ. ‘ತನ್ನ’ ಯಾವಾಗಲೂ ‘ತನ್ನ’ವೇ, ‘ಸಿಆ’ ಮಾತ್ರ ‘ನ್’ ತೆಗೆದುಕೊಳ್ಳಬೇಕು: “ಲಿ ಆಮಾಸ್ ಸಿಆನ್ ಎದ್ಜ಼ಿನೊನ್”. ಎರಡನೆಯದು, “ಅವನೂ ತನ್ನ ತಮ್ಮನೂ ಬಂದರು” ಅನ್ನುವಲ್ಲಿ ‘ಸಿಆ’ ಹಾಕುವ ಹಾಗಿಲ್ಲ, ಕರ್ತೃವಿನ ಒಳಗೆ ಅದು ಕೂರುವುದಿಲ್ಲ. “ಲಿ ಕಾಯ್ ಲಿಆ ಫ್ರಾತೊ ವೆನಿಸ್”. ಮೂರನೆಯದು, “ತಾನು ಬರುತ್ತೇನೆ ಎಂದ” ಅನ್ನುವುದು. ಎಸ್ಪೆರಾಂತೊದಲ್ಲಿ ‘ಸಿ’ ಕರ್ತೃವೇ ಆಗುವುದಿಲ್ಲ. “ಲಿ ದಿರಿಸ್, ಕೆ ಲಿ ವೆನೊಸ್”.

ಇದೇ ವಾಕ್ಯದಲ್ಲಿ ಇನ್ನೊಂದು ಬಲೆ. “ನಾನು ಬರುತ್ತೇನೆ ಎಂದು ಹೇಳಿದ” ಅನ್ನುವಾಗ ‘ನಾನು’ ಅಂದರೆ ಅವನೇ. ಅದನ್ನು ಹಾಗೆಯೇ “ಲಿ ದಿರಿಸ್, ಕೆ ಮಿ ವೆನೊಸ್” ಅಂತ ಇಳಿಸಿದರೆ ಬರಬೇಕಾದವರು ನೀವಾಗ್ತೀರಿ! ಪುರುಷ ಬದಲಾಗಬೇಕು. ಕಾಲ ಮಾತ್ರ ಬದಲಾಗಬಾರದು, ಅವನು ಹೇಳಿದ ಹೊತ್ತಿನ ಭವಿಷ್ಯತ್ತೇ ಉಳೀತದೆ, ಇದು ಕನ್ನಡದ ಹಾಗೆಯೇ. ಇಂಗ್ಲಿಷಿನ ಅಭ್ಯಾಸದಿಂದ ‘ವೆನುಸ್’ (ಷರತ್ತಿನ ರೂಪ) ಅಂತ ಬರೆಯಬೇಡಿ.

ಹ್ವಾಯ್ ಕುಂದಾಪ್ರ:
ಸಂಖ್ಯೆ ಬಿಟ್ಟುಹೋಯಿತು ಕಾಣಿ. ‘ಎರಡು ಪುಸ್ತಕ’, ‘ಐದು ರೂಪಾಯಿ’ ಅನ್ನುವ ಅಭ್ಯಾಸಕ್ಕೆ “ದು ಲಿಬ್ರೊ” ಅಂತ ಬರ್ತದೆ. “ದು ಲಿಬ್ರೊಯ್” ಆಗಬೇಕು.

ಬೆಂದೂರ್‌ವೆಲ್:
ಪೂರ್ವಕಾಲದ ‘ಹೋಗಿ’, ‘ಬಂದು’ ರೂಪಕ್ಕೆ ‘ಇಂತೆ’ ಸಿಕ್ಕಿದ ಕೂಡಲೇ ನಮ್ಮವರಿಗೆ ಖುಷಿ. “ಹೆಯ್ಮೆನ್ ವೆನಿಂತೆ, ಮಿ ಮಾಂಜಿಸ್”, ಮನೆಗೆ ಬಂದು ಊಟ ಮಾಡಿದೆ. ಚೆಂದ. ಆದರೆ ಕನ್ನಡದಲ್ಲಿ “ಮಳೆ ಬಂದು ಗದ್ದೆ ತುಂಬಿತು” ಅಂತೇವೆ, ಬಂದದ್ದು ಮಳೆ, ತುಂಬಿದ್ದು ಗದ್ದೆ, ಎರಡು ಕರ್ತೃ. ಎಸ್ಪೆರಾಂತೊದ ‘ಇಂತೆ’ಗೆ ಮುಖ್ಯ ವಾಕ್ಯದ ಕರ್ತೃವೇ ಕರ್ತೃ ಆಗಬೇಕು. “ಪ್ಲುವಿಂತೆ, ಲಾ ಕಾಂಪೊ ಪ್ಲೆನಿಜಿಸ್” ಅಂದರೆ ಗದ್ದೆಯೇ ಮಳೆ ಸುರಿಸಿ ತುಂಬಿಕೊಂಡಿತು. “ಪೊಸ್ತ್ ಲಾ ಪ್ಲುವೊ ಲಾ ಕಾಂಪೊ ಪ್ಲೆನಿಜಿಸ್” ಅಂತ ಬರೆಯಿರಿ.

ಎಂಡ್‌ಪಾಯಿಂಟ್:
ಹಾಗೆಯೇ ‘ಆಗಿ’. “ಮನೆಗೆ ಬಿಳಿ ಬಣ್ಣ ಬಳಿದೆ” ಅನ್ನಲಿಕ್ಕೆ “ಮಿ ಫಾರ್ಬಿಸ್ ಲಾ ದೊಮೊನ್ ಬ್ಲಾಂಕಾ”. ‘ಬ್ಲಾಂಕಾ’ಕ್ಕೆ ‘ನ್’ ಇಲ್ಲ, ಯಾಕೆಂದರೆ ಬಳಿದ ಮೇಲೆ ಬಿಳಿಯಾದದ್ದು ಅದು. “ಲಾ ಬ್ಲಾಂಕಾನ್ ದೊಮೊನ್” ಅಂದರೆ ಮೊದಲೇ ಬಿಳಿ ಇದ್ದ ಮನೆಗೆ ಯಾವುದೋ ಬಣ್ಣ ಬಳಿದದ್ದು. “ಬಿಳಿಯಾಗಿ” ಅಂತ ಕನ್ನಡದಲ್ಲಿ ಹೇಳಲಿಕ್ಕೆ ಬಂದರೆ ‘ನ್’ ಬೇಡ ಅನ್ನುವ ಗುರುತು ಸುಲಭ. ಆದರೆ “ಅವನನ್ನು ಅಧ್ಯಕ್ಷನನ್ನಾಗಿ ಆರಿಸಿದರು” ಅನ್ನುವಾಗ ನಮ್ಮ ‘ನ್ನ’ ಎರಡು ಸಲ ಬರ್ತದೆ. ಅಲ್ಲಿ ಕನ್ನಡದ ಮಾತು ಕೇಳಬೇಡಿ: “ಇಲಿ ಎಲೆಕ್ತಿಸ್ ಲಿನ್ ಪ್ರೆಜ಼ಿದಾಂತೊ”.

ಕದ್ರಿಗುಡ್ಡೆ:
ನಮ್ಮಲ್ಲಿ ಸಲಿಗೆ ಕೇಳುವ ಪಕ್ಷದವರದ್ದು ಇನ್ನೊಂದು ವಾದ. ಕನ್ನಡದಲ್ಲಿ ಕೇಶಿರಾಜ ಕವಿಗಳ ಪ್ರಯೋಗ ನೋಡಿ ಸೂತ್ರ ಬರೆದ. ಜನ ಬಳಸಿದ್ದೇ ವ್ಯಾಕರಣ ಆಗಬೇಕು, ಎಸ್ಪೆರಾಂತೊಗೂ ಅದೇ ನ್ಯಾಯ ಅಂತ.

ಪಣಂಬೂರು ಗಾಳಿ:
ವಾದ ಒಳ್ಳೆಯದು, ಅರ್ಧ ಸರಿ. ಅಡಿಪಾಯದ ಮೇಲಿನ ಪದರಗಳಲ್ಲಿ ನಡೆಯುವುದು ಅದೇ. ಫುಂದಾಮೆಂತೊದಲ್ಲಿ ‘ಖೆಮಿಯೊ’ (ರಸಾಯನಶಾಸ್ತ್ರ) ಅನ್ನುವ ಕಂಠ್ಯ ಉಚ್ಚಾರದ ಹಳೇ ರೂಪಕ್ಕೆ ಜನ ‘ಕೆಮಿಯೊ’ ಅಂತ ಬಳಸಲಿಕ್ಕೆ ಶುರು ಮಾಡಿದರು. ಹಳೆಯದ್ದನ್ನು ತಪ್ಪು ಅಂತ ಅಳಿಸಲಿಲ್ಲ, ಹೊಸದು ಅದರ ಪಕ್ಕ ನಿಂತಿತು, ಈಗ ಹಳೆಯದು ಪುರಾತನ ರೂಪ. ಎಸ್ಪೆರಾಂತೊ ಬದಲಾಗುವ ಕ್ರಮ ಇದು: ಸೇರಿಸಬಹುದು, ಕಿತ್ತು ಹಾಕುವ ಹಾಗಿಲ್ಲ. ನಮ್ಮ ದೇಶದ ಹೆಸರೇ ನೋಡಿ, ಹಿಂದುಯೊ, ಹಿಂದಿಯೊ, ಬಾರಾತೊ ಅಂತ ಮೂರು ರೂಪ ಚಲಾವಣೆಗೆ ಬಂದಿವೆ.

ಆದರೆ ಕೇಶಿರಾಜನ ಎದುರಿಗೆ ಇದ್ದದ್ದು ಒಂದೇ ಭಾಷೆಯವರ ಪ್ರಯೋಗ. ಎಸ್ಪೆರಾಂತೊ ಮಾತಾಡುವ ಇಬ್ಬರ ಮನೆಮಾತು ಬೇರೆ ಬೇರೆ. ನಾವು ನಮ್ಮ ಕಡೆಗೆ ಬಗ್ಗಿಸಿ, ಅವರು ಅವರ ಕಡೆಗೆ ಬಗ್ಗಿಸಿದರೆ ನಡುವೆ ಭೇಟಿಯಾಗುವ ಜಾಗ ಉಳಿಯುವುದಿಲ್ಲ. ಹಾಗಾಗಿ ಒಂದು ವಾಕ್ಯವನ್ನು ಬಗ್ಗಿಸಿದಾಗ ಕೇಳಿಕೊಳ್ಳಬೇಕಾದ್ದು ಇಷ್ಟೇ: ಕನ್ನಡ ಗೊತ್ತಿಲ್ಲದವನು ಇದನ್ನು ಓದಿದರೆ ಅರ್ಥ ಕಟ್ಟಿಕೊಳ್ತಾನಾ? ಕದ್ರಿಯಲ್ಲಿ ಕೂತ ಐವರಿಗೆ ಅರ್ಥ ಆಯಿತು ಅನ್ನುವುದು ಲೆಕ್ಕಕ್ಕಿಲ್ಲ, ಆ ಐವರೂ ಕನ್ನಡದಲ್ಲಿಯೇ ಅರ್ಥ ಮಾಡಿಕೊಂಡದ್ದು.

ಮಲ್ಪೆ ದಕ್ಕೆ:
ಅಕಾದೆಮಿಯೊ ತೀರ್ಪು ಕೊಟ್ಟ ಮೇಲೂ ಜಗಳ ನಿಲ್ಲದ ಉದಾಹರಣೆ ಉಂಟಾ?

ಎಂಡ್‌ಪಾಯಿಂಟ್:
ಬಹಳ ವರ್ಷ ಎಳೆದ ಜಗಳ ಕರ್ಮಣಿ ಕೃದಂತದ ಪ್ರತ್ಯಯಗಳಾದ ‘ಆತಾ’ ಮತ್ತು ‘ಇತಾ’ದ್ದು. “ಲಾ ಲೆತೆರೊ ಎಸ್ತಿಸ್ ಸ್ಕ್ರಿಬಿತಾ” (ಪತ್ರ ಬರೆದಾಗಿತ್ತು) ಅನ್ನುವಾಗ ‘ಇತಾ’ ಕಾಲವನ್ನು ಹೇಳ್ತದಾ, ಮುಗಿದ ಸ್ಥಿತಿಯನ್ನು ಹೇಳ್ತದಾ ಅಂತ. 1967ರಲ್ಲಿ ಅಕಾದೆಮಿಯೊ ‘ಇತಾ’ ಅಂದರೆ ಮುಗಿದದ್ದು ಅನ್ನುವ ಪಕ್ಷಕ್ಕೆ ಒಲಿಯಿತು. ಕನ್ನಡದವರಿಗೆ ಇದರಲ್ಲಿ ಗೊಂದಲವೇ ಬೇಡ. ‘ಬರೆಯಲಾಗುತ್ತಿತ್ತು’ ಅಂದರೆ ‘ಸ್ಕ್ರಿಬಾತಾ’, ‘ಬರೆದಾಗಿತ್ತು’ ಅಂದರೆ ‘ಸ್ಕ್ರಿಬಿತಾ’. ಜೊತೆಗೆ ಒಂದು ಮಾತು, ಕೃದಂತಗಳನ್ನು ಪೇರಿಸಿ “ಮಿ ಎಸ್ತಿಸ್ ಲೆಗಿಂತಾ” ಅನ್ನುವುದಕ್ಕಿಂತ “ಮಿ ಯಾಮ್ ಲೆಗಿಸ್” (ನಾನು ಆಗಲೇ ಓದಿದ್ದೆ) ಹಗುರ.

ಬೆಂದೂರ್‌ವೆಲ್:
‘ರಿ’ ವಿಷಯ ಯಾರೂ ಎತ್ತಲಿಲ್ಲ. ಗಂಡು ಹೆಣ್ಣು ಹೇಳದ ಸರ್ವನಾಮ ಬೇಕು ಅಂತ ಕೆಲವರು ‘ರಿ’ ಬಳಸ್ತಾರೆ. ಫುಂದಾಮೆಂತೊದಲ್ಲಿ ಇಲ್ಲ, ಆದರೆ ಬಳಕೆ ಉಂಟು. ಹಳೇ ಬರಹಗಳಲ್ಲಿ ಮಗುವಿಗೆ ‘ಜಿ’ ಅನ್ನುವುದುಂಟು, ನಾವು “ಮಗು ಅಳ್ತಾ ಉಂಟು, ಅದಕ್ಕೆ ಹಸಿವೆ” ಅನ್ನುವ ಹಾಗೆಯೇ. ಹೊಸಬರಿಗೆ ಸಲಹೆ: ‘ರಿ’ ಕೇಳಿದರೆ ಅರ್ಥ ಆಗಬೇಕು, ಮೊದಲ ವರ್ಷದಲ್ಲಿ ನೀವಾಗಿ ಬಳಸುವ ಅವಸರ ಬೇಡ.

ಹ್ವಾಯ್ ಕುಂದಾಪ್ರ:
ನನ್ನ ಪ್ರಕಾರ ಅವಸರ ಮಾಡಿದರೂ ಅಡ್ಡಿ ಇಲ್ಲೆ. ‘ರಿ’ ಸೇರಿಸುವುದು, ಕೀಳುವುದು ಅಲ್ಲ. ಪಣಂಬೂರಿನವರು ಮೇಲೆ ಹೇಳಿದ್ದು ಅದನ್ನೇ ಅಲ್ದಾ?

ಪಣಂಬೂರು ಗಾಳಿ:
ಹೇಳಿದ್ದು ನಿಜ. ಇಲ್ಲಿ ಸುಮ್ಮನಿರ್ತೇನೆ.

ಕದ್ರಿಗುಡ್ಡೆ:
ಮೂರನೇ ಪ್ರಶ್ನೆ, ಕೀಲಿಮಣೆ. ನಮ್ಮಲ್ಲಿ ಒಬ್ಬರು ಟೋಪಿಯ ಬದಲು ‘ಎಕ್ಸ್’ ಹಾಕುವುದು ಫುಂದಾಮೆಂತೊದಲ್ಲೇ ಉಂಟು ಅಂತ ಹೇಳ್ತಾರೆ.

ಎಂಡ್‌ಪಾಯಿಂಟ್:
ಇಲ್ಲ. ಫುಂದಾಮೆಂತೊ ಒಪ್ಪಿದ್ದು ‘ಎಚ್’ ಸೇರಿಸುವುದನ್ನು. ‘ಎಕ್ಸ್’ ಆಮೇಲೆ ಬಂದ ರೂಢಿ. ತಮಾಷೆ ಏನೆಂದರೆ ಅಧಿಕೃತವಾದದ್ದೇ ಹೆಚ್ಚು ತೊಡಕಿನದು. ವಿಮಾನ ನಿಲ್ದಾಣಕ್ಕೆ ‘ಫ್ಲುಗ್-ಹಾವೆನೊ’, ಅದರಲ್ಲಿ ರೋಮನ್ ಅಕ್ಷರ ‘ಜಿ’ ಪಕ್ಕ ‘ಎಚ್’ ಸಹಜವಾಗಿಯೇ ಉಂಟು. ‘ಎಚ್’ ಕ್ರಮದಲ್ಲಿ ಓದಿದವರು ಅದನ್ನು ಟೋಪಿ ಇರುವ ‘ಜ’ ಅಂತ ತಿಳಿದು ‘ಫ್ಲುಜಾವೆನೊ’ ಅಂದಾರು. ಬಜ್ಪೆಗೆ ಹೋಗಬೇಕಾದವರು ಎಲ್ಲಿಗೋ ಹೋದಾರು. ‘ಎಕ್ಸ್’ ಎಸ್ಪೆರಾಂತೊದ 28 ಅಕ್ಷರಗಳಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಗೊಂದಲ ಹುಟ್ಟುವುದಿಲ್ಲ, ಗಣಕದಲ್ಲಿ ಒಮ್ಮೆಲೇ ಟೋಪಿಗೆ ಬದಲಾಯಿಸಲಿಕ್ಕೂ ಬರ್ತದೆ. ಕರಡಿಗೆ ‘ಎಕ್ಸ್’, ಕಳಿಸುವಾಗ ಟೋಪಿ. ಈಗ ಫೋನಿನಲ್ಲೇ ಎಸ್ಪೆರಾಂತೊ ಕೀಲಿಮಣೆ ಸಿಗ್ತದೆ, ಅದನ್ನು ಹಾಕಿಕೊಂಡರೆ ಈ ಪ್ರಶ್ನೆಯೇ ಮುಗೀತು.

ಬೆಂದೂರ್‌ವೆಲ್:
ಉಚ್ಚಾರದ ಬಗ್ಗೆ ಒಂದೇ ಮಾತು. ‘ಜ’ ಮತ್ತು ‘ಜ಼’, ‘ಸ’ ಮತ್ತು ‘ಜ಼’ ಬೇರೆ ಮಾಡದಿದ್ದರೆ ಫಜೀತಿ. ನೀರುದೋಸೆಯನ್ನು ಹಾಗೆಯೇ ಎಸ್ಪೆರಾಂತೊ ಮಾಡಲಿಕ್ಕೆ ಹೋಗಿ ‘ಸ’ ಜಾರಿದರೆ “ಮಿ ಮಾಂಜಿಸ್ ದು ದೊಜ಼ೊಯ್ನ್” ಆಗ್ತದೆ, ‘ದೊಜ಼ೊ’ ಅಂದರೆ ಔಷಧದ ಪ್ರಮಾಣ. ‘ರಿಜ಼್‌ಕ್ರೆಸ್ಪೊ’ ಅಂತ ಕಟ್ಟಿ, ಅಕ್ಕಿಯ ತೆಳು ದೋಸೆ ಅಂತ ಎಲ್ಲರಿಗೂ ಹೊಳೀತದೆ. ಮತ್ತೆ ‘ಎಸ್ತಾಸ್’ ಅನ್ನು ‘ಯೆಸ್ತಾಸ್’ ಅನ್ನಬೇಡಿ, ಬರೆದದ್ದನ್ನೇ ಓದಬೇಕು ಅನ್ನುವುದು ಒಂಬತ್ತನೇ ನಿಯಮ.

ಮಲ್ಪೆ ದಕ್ಕೆ:
ಸರಿ, ಗುಂಪಿನಲ್ಲಿ ಮಾಡಬಹುದಾದ ಅಭ್ಯಾಸ ಹಾಕ್ತೇನೆ. ಪ್ರತಿಯೊಬ್ಬರೂ 10 ವಾಕ್ಯ ಬರೀಬೇಕು, ಅದರಲ್ಲಿ 5ರಲ್ಲಿ ಕ್ರಿಯಾಪದ ಕೊನೆಗೆ ಇರಲೇಬೇಕು. ಕರ್ಮ ಎಲ್ಲಾ ಜೀವ ಇಲ್ಲದ ವಸ್ತುಗಳೇ ಆಗಬೇಕು, ಯಾಕೆಂದರೆ ಬಿಡುವುದು ಅಲ್ಲಿಯೇ. ಬರೆದಾದ ಮೇಲೆ ಮೂರು ಸಲ ಓದಿ, ಒಂದೊಂದು ಸಲ ಒಂದೊಂದನ್ನೇ ನೋಡಿ. ಮೊದಲ ಸಲ ಕ್ರಿಯಾಪದಕ್ಕೆ ಗೆರೆ ಹಾಕಿ ‘ಕಿಒನ್?’ (ಏನನ್ನು?) ಅಂತ ಕೇಳಿ, ಉತ್ತರಕ್ಕೆ ‘ನ್’ ಉಂಟಾ ನೋಡಿ. ಎರಡನೇ ಸಲ ಸಂಖ್ಯೆ ಮತ್ತು ‘ಯ್’. ಮೂರನೇ ಸಲ ಗುಣವಾಚಕ ಪಕ್ಕದ ನಾಮಪದದ ಹಾಗೆಯೇ ಮುಗಿದಿದೆಯಾ ಅಂತ. ಒಂದೇ ಸಲಕ್ಕೆ ಎಲ್ಲವನ್ನೂ ನೋಡಲಿಕ್ಕೆ ಹೋದರೆ ಕಣ್ಣು ಅರ್ಥದ ಹಿಂದೆ ಓಡಿ ಪ್ರತ್ಯಯ ತಪ್ಪಿಹೋಗ್ತದೆ. ಕೊನೆಗೆ ಪಕ್ಕದವರು ಆ ವಾಕ್ಯಗಳ ಪದಕ್ರಮ ಪೂರ್ತಿ ಕಲಸಿ ಓದಬೇಕು. ಅರ್ಥ ಉಳಿದರೆ ಪಾಸು.

ಹ್ವಾಯ್ ಕುಂದಾಪ್ರ:
ಕಲಸುವಾಗ ‘ಲಾ’, ‘ನೆ’, ‘ಆಂಕಾವ್’ ಮತ್ತು ಪೂರ್ವಪ್ರತ್ಯಯಗಳನ್ನು ಅವುಗಳ ಪದದಿಂದ ಬೇರೆ ಮಾಡುವ ಹಾಗಿಲ್ಲ ಮಾರಾಯ್ರೆ. ‘ನಾನೂ’ ಅಂದರೆ ‘ಆಂಕಾವ್ ಮಿ’, ನಮ್ಮ ‘ಊ’ ಹಿಂದೆ, ಅವರ ‘ಆಂಕಾವ್’ ಮುಂದೆ. ‘ನೆ’ಯೂ ಹಾಗೆಯೇ: “ಮಿ ನೆ ಮಾಂಜಿಸ್ ಫಿಶೊನ್” ಮೀನು ತಿನ್ನಲಿಲ್ಲ, “ಮಿ ಮಾಂಜಿಸ್ ನೆ ಫಿಶೊನ್” ತಿಂದದ್ದು ಮೀನಲ್ಲ. ಮಲ್ಪೆಯವರಿಗೆ ಎರಡೂ ನಂಬಲಿಕ್ಕೆ ಕಷ್ಟ.

ಕದ್ರಿಗುಡ್ಡೆ:
ಒಂದು ವಾಕ್ಯ ಪ್ರಯತ್ನ ಮಾಡಿದ್ದೇನೆ, ನೋಡಿ. “ನಾಳೆ ಬೆಳಿಗ್ಗೆ ಎಂಟು ಗಂಟೆಗೆ ರೈಲಿನಲ್ಲಿ ಉಡುಪಿಗೆ ಹೋಗಿ, ಎರಡು ಗಂಟೆ ಇದ್ದು ವಾಪಸು ಬರ್ತೇನೆ.”

“ಮೊರ್ಗಾವ್ ಮಾತೆನೆ ಯೆ ಲಾ ಓಕಾ ಮಿ ಇರೊಸ್ ತ್ರಾಯ್ನೆ ಆಲ್ ಉಡುಪಿ, ರೆಸ್ತೊಸ್ ತಿಎ ದು ಹೊರೊ ಕಾಯ್ ರೆವೆನೊಸ್.”

ಎಂಡ್‌ಪಾಯಿಂಟ್:
‘ತ್ರಾಯ್ನೆ’ ಚೆನ್ನಾಗಿದೆ, ‘ಪೆರ್ ತ್ರಾಯ್ನೊ’ ಅಂತಲೂ ಬರೆಯಬಹುದಿತ್ತು. ಉಡುಪಿಗೆ ಎಸ್ಪೆರಾಂತೊದ ‘ಒ’ ಹಾಕದೆ ಬಿಟ್ಟದ್ದು ಸರಿ, ‘ಆಲ್’ ಇದ್ದಲ್ಲಿ ‘ನ್’ ಹಾಕದ್ದೂ ಸರಿ. ‘ಯೆ ಲಾ ಓಕಾ’ ಸರಿ. ‘ಹೋಗಿ, ಇದ್ದು’ ಅನ್ನುವುದನ್ನು ‘ಇಂತೆ’ ಮಾಡದೆ ಮೂರು ಭವಿಷ್ಯತ್ ಕ್ರಿಯೆಯಾಗಿ ಬಿಡಿಸಿದ್ದು ಎಲ್ಲಕ್ಕಿಂತ ಒಳ್ಳೆಯದು.

‘ದು ಹೊರೊ’ ಮಾತ್ರ ಪಕ್ಕಾ ಮಂಗಳೂರು. ಎರಡರ ಮುಂದೆ ‘ಯ್’ ಬೇಕು, ಎಷ್ಟು ಹೊತ್ತು ಅನ್ನುವ ಅಳತೆಗೆ ‘ನ್’ ಬೇಕು: ದು ಹೊರೊಯ್ನ್.

ಕದ್ರಿಗುಡ್ಡೆ:
ಎರಡೂ ಒಟ್ಟಿಗೇ ಹೋಯಿತಲ್ಲ! ತಿದ್ದಿದೆ.